‘ಪುಟ್’ ಒಂದೇ, ಬಾಲ ಹಲವು

ಕನ್ನಡ ಮಾಧ್ಯಮದಲ್ಲಿ ಓದಿ ಕಾಲೇಜಿಗೆ ಬಂದ ವಿದ್ಯಾರ್ಥಿಗೆ ‘ಪುಟ್’ ಗೊತ್ತು, ‘ಆಫ್’ ಗೊತ್ತು. ಆದರೂ ‘ದಿ ಎಕ್ಸಾಮ್ ವಾಸ್ ಪುಟ್ ಆಫ್’ ಎಂದಾಗ ಪರೀಕ್ಷೆ ಮುಂದಕ್ಕೆ ಹೋಯಿತೆಂದು ಹೊಳೆಯುವುದಿಲ್ಲ. ‘ಪುಟ್ ಔಟ್’ ಎಂದರೆ ಬೆಂಕಿ ಆರಿಸುವುದು, ‘ಪುಟ್ ಅಪ್ ವಿತ್’ ಎಂದರೆ ಸಹಿಸಿಕೊಳ್ಳುವುದು.

ಗಾಬರಿ ಬೇಡ, ಕನ್ನಡದಲ್ಲೂ ಇದೇ ಆಟವಿದೆ. ಕೈಕೊಡು, ಕೈಬಿಡು, ಕೈಹಿಡಿ, ಕೈಗೊಳ್ಳು: ಕೈ ಒಂದೇ, ಅರ್ಥ ನಾಲ್ಕು. ಇವನ್ನು ಯಾರೂ ಪಟ್ಟಿ ಮಾಡಿ ಉರುಹೊಡೆದಿಲ್ಲ. ‘ಬೈಕ್ ದಾರಿಯಲ್ಲೇ ಕೈಕೊಟ್ಟಿತು’ ಎಂಬಂಥ ಮಾತು ಕೇಳಿ ಕೇಳಿ ಕಲಿತದ್ದು. ಇಂಗ್ಲಿಷಿನದನ್ನೂ ಹಾಗೆಯೇ ಇಡೀ ವಾಕ್ಯವಾಗಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಸರ್ವನಾಮದ ಜಾಗವೂ ಆಗ ನೆನಪಿರುತ್ತದೆ: ‘ಟರ್ನ್ ಆಫ್ ದಿ ಫ್ಯಾನ್’ ಸರಿ, ‘ಟರ್ನ್ ಆಫ್ ಇಟ್’ ತಪ್ಪು, ‘ಟರ್ನ್ ಇಟ್ ಆಫ್’ ಎನ್ನಬೇಕು.

ಪ್ರಬಂಧ, ಪ್ರಾಜೆಕ್ಟ್ ವರದಿಗೆ ಬೇರೆ ಉಡುಪು. ಅಲ್ಲಿ ‘ಪುಟ್ ಆಫ್’ ಬದಲು ‘ಪೋಸ್ಟ್‌ಪೋನ್’, ‘ಗೋ ಅಪ್’ ಬದಲು ‘ಇನ್‌ಕ್ರೀಸ್’. ಇಂಥ ಪದಗಳಲ್ಲಿ ಬಹುಪಾಲು ಲ್ಯಾಟಿನ್ ಮೂಲದವು. ಮನೆಯಲ್ಲಿ ‘ನೀರು’ ಎನ್ನುವವರು ಸರ್ಕಾರಿ ಕಾಗದದಲ್ಲಿ ‘ಜಲ’ ಎಂದು ಬರೆದಂತೆ. ಹಾಗೆಂದು ಎಲ್ಲವನ್ನೂ ಕಿತ್ತೆಸೆಯಬೇಕಿಲ್ಲ: ‘ಕ್ಯಾರಿ ಔಟ್’ ಸಂಶೋಧನಾ ಲೇಖನಗಳಲ್ಲೂ ಧಾರಾಳವಾಗಿ ಬಳಕೆಯಲ್ಲಿದೆ.

ಎಲ್ಲಿಂದ ಶುರು ಮಾಡುವುದು? ನ್ಯೂಜಿಲೆಂಡಿನ ಭಾಷಾತಜ್ಞೆ ಆವೆರಿಲ್ ಕಾಕ್ಸ್‌ಹೆಡ್ 2000ರಲ್ಲಿ ಪ್ರಕಟಿಸಿದ ‘ಅಕಾಡೆಮಿಕ್ ವರ್ಡ್ ಲಿಸ್ಟ್’ನಲ್ಲಿ 570 ಪದಕುಟುಂಬಗಳಿವೆ. ಕಾಲೇಜು ಮಟ್ಟದ ಶೈಕ್ಷಣಿಕ ಬರಹಗಳ ಸುಮಾರು ಶೇ 10ರಷ್ಟು ಪದಗಳು ಇವೇ. ‘ಅನಲೈಸ್’ ಕಲಿತ ದಿನವೇ ‘ಅನಾಲಿಸಿಸ್’, ‘ಅನಲಿಟಿಕಲ್’ ಕೂಡ ಸೇರಿಸಿಕೊಂಡು, ದಿನಕ್ಕೆ ಎರಡು ಕುಟುಂಬದಂತೆ ಹಿಡಿದರೆ ಹತ್ತು ತಿಂಗಳೊಳಗೆ ಪಟ್ಟಿ ಮುಗಿಯುತ್ತದೆ.