ಕೆಲಸ ಸಿಕ್ಕರೆ ಸಾಲದು: ನರ್ಸಿಂಗ್ ಓದುವವರಿಗೆ ಹನ್ನೊಂದು ಸೂತ್ರ

ಪಿಯುಸಿ ಫಲಿತಾಂಶ ಬಂದ ಮರುದಿನದಿಂದಲೇ ಏಜೆಂಟರ ಫೋನು ಶುರು: ‘ಸೀಟು ಮುಗೀತಾ ಬಂತು, ಈಗಲೇ ಅಡ್ವಾನ್ಸ್ ಕಟ್ಟಿ.’ ಮೆಡಿಕಲ್ ಸಿಗದವರು, ಬೇಗ ದುಡಿದು ಮನೆ ನಡೆಸಬೇಕಾದವರು, ಜರ್ಮನಿಯ ಕನಸು ಕಾಣುವವರು ಎಲ್ಲರೂ ಅದೇ ಫಾರಂ ತುಂಬುತ್ತಾರೆ. ನರ್ಸಿಂಗ್ ಓದಿದವರು ಕೆಲಸವಿಲ್ಲದೆ ಕೂರುವುದು ಕಡಿಮೆ, ನಿಜ. ಆದರೆ ಎಂಥ ಕೆಲಸ, ಎಷ್ಟು ಸಂಬಳ, ಹತ್ತು ವರ್ಷದ ಮೇಲೆ ಯಾವ ಹುದ್ದೆ ಎಂಬ ಪ್ರಶ್ನೆಗಳಿಗೆ ಉತ್ತರ ಸೀಟು ಆರಿಸುವ ದಿನದಿಂದಲೇ ರೂಪುಗೊಳ್ಳುತ್ತದೆ. ಹಾಗಾಗಿ ಪ್ರತಿ ಹಂತದಲ್ಲೂ ಅದರ ಮುಂದಿನ ಹಂತವನ್ನು ನೋಡಿಕೊಂಡೇ ಹೆಜ್ಜೆ ಇಡಬೇಕು.

1. ಮೂರು ಬಾಗಿಲುಗಳ ವ್ಯತ್ಯಾಸ ತಿಳಿದುಕೊಳ್ಳಿ

ಎಎನ್‌ಎಂ 2 ವರ್ಷದ ಕೋರ್ಸು, ಹೆಣ್ಣುಮಕ್ಕಳಿಗೆ ಮಾತ್ರ. ಉಪಕೇಂದ್ರ, ಲಸಿಕೆ, ಗರ್ಭಿಣಿ-ಬಾಣಂತಿಯರ ಆರೈಕೆ ಇದರ ಕ್ಷೇತ್ರ. ಕರ್ನಾಟಕದಲ್ಲಿ ಈ ಹುದ್ದೆಗೆ ಈಗ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಎಂಬ ಹೆಸರಿದೆ. ಜಿಎನ್‌ಎಂ 3 ವರ್ಷದ ಡಿಪ್ಲೊಮಾ. ವಿಜ್ಞಾನಕ್ಕೆ ಆದ್ಯತೆ ಇದ್ದರೂ ಕಲಾ, ವಾಣಿಜ್ಯ ಓದಿದವರಿಗೂ ಅವಕಾಶವಿದೆ. ಬಿ.ಎಸ್ಸಿ ನರ್ಸಿಂಗ್ 4 ವರ್ಷ, 8 ಸೆಮಿಸ್ಟರ್. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮತ್ತು ಇಂಗ್ಲಿಷ್ ಓದಿರಲೇಬೇಕು. ಜಿಎನ್‌ಎಂ, ಬಿ.ಎಸ್ಸಿ ಎರಡಕ್ಕೂ ಹುಡುಗರು ಸೇರಬಹುದು.

2. ವಿಜ್ಞಾನ ಓದಿದ್ದರೆ ಬಿ.ಎಸ್ಸಿಯನ್ನೇ ಮೊದಲು ನೋಡಿ

ಜಿಎನ್‌ಎಂ ಮುಗಿಸಿದವರೂ ಬಿ.ಎಸ್ಸಿ ಮುಗಿಸಿದವರೂ ನೋಂದಾಯಿತ ನರ್ಸ್‌ಗಳೇ. ವಾರ್ಡಿನಲ್ಲಿ ಮೊದಮೊದಲು ಇಬ್ಬರ ಕೆಲಸವೂ ಒಂದೇ. ವ್ಯತ್ಯಾಸ ಕಾಣುವುದು ಆಮೇಲೆ. ಎಂ.ಎಸ್ಸಿ ಮಾಡಲು, ಕಾಲೇಜಿನಲ್ಲಿ ಪಾಠ ಹೇಳಲು ಪದವಿ ಬೇಕು. ಜಿಎನ್‌ಎಂ ಮಾಡಿ ಪದವಿ ಪಡೆಯಬೇಕೆಂದರೆ 2 ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ ಓದಬೇಕು, ಅಲ್ಲಿಗೆ ಒಟ್ಟು 5 ವರ್ಷ. ನೇರವಾಗಿ ಹೋದರೆ 4 ವರ್ಷ. ಆದರೆ ಪಿಯುಸಿಯಲ್ಲಿ ಕಲಾ ವಿಭಾಗ ಓದಿ, ಆಮೇಲೆ ನರ್ಸಿಂಗ್ ಕಡೆ ಮನಸ್ಸು ತಿರುಗಿದವರಿಗೆ ಜಿಎನ್‌ಎಂ ಒಳ್ಳೆಯ ದಾರಿ. ನಡುವೆ ದುಡಿಯುತ್ತಾ ಮುಂದೆ ಓದಬಹುದು.

3. ಕಟ್ಟಡ ನೋಡಬೇಡಿ, ಹಾಸಿಗೆ ಎಣಿಸಿ

ನರ್ಸಿಂಗ್ ಕಲಿಯುವುದು ರೋಗಿಯ ಪಕ್ಕದಲ್ಲಿ. ಆದ್ದರಿಂದ ಕಾಲೇಜಿಗಿಂತ ಮೊದಲು ಅದರ ಆಸ್ಪತ್ರೆಗೆ ಹೋಗಿ. ಸ್ವಂತ ಆಸ್ಪತ್ರೆ ಇದೆಯೇ? ಹೆರಿಗೆ ವಾರ್ಡು, ಐಸಿಯು, ಮಕ್ಕಳ ವಿಭಾಗದಲ್ಲಿ ನಿಜವಾಗಿಯೂ ರೋಗಿಗಳಿದ್ದಾರೆಯೇ, ಅಥವಾ ತಪಾಸಣೆಯ ದಿನ ಮಾತ್ರ ಹಾಸಿಗೆ ತುಂಬುತ್ತವೆಯೇ? ಮಾನಸಿಕ ಆರೋಗ್ಯದ ಪೋಸ್ಟಿಂಗ್‌ಗೆ ಎಲ್ಲಿ ಕಳಿಸುತ್ತಾರೆ? ಇದನ್ನೆಲ್ಲ ಆಡಳಿತ ಕಚೇರಿಯಲ್ಲಿ ಕೇಳಬೇಡಿ, ಕ್ಯಾಂಟೀನಿನಲ್ಲಿ ಸಿಗುವ ಮೂರನೇ ವರ್ಷದ ವಿದ್ಯಾರ್ಥಿಗಳನ್ನು ಕೇಳಿ.

ಕಾಗದಪತ್ರ ಆಮೇಲೆ. ಬಿ.ಎಸ್ಸಿಗೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಯೋಜನೆ, ಜಿಎನ್‌ಎಂಗೆ ರಾಜ್ಯದ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿಯ ಪಟ್ಟಿ, ಎರಡಕ್ಕೂ ರಾಜ್ಯ ನರ್ಸಿಂಗ್ ಪರಿಷತ್ತಿನ ಮಾನ್ಯತೆ. ಈ ವರ್ಷದ ಪಟ್ಟಿಯಲ್ಲಿ ಹೆಸರಿದೆಯೇ ಎಂದು ನೋಡಿ. ಗೋಡೆಗೆ ತೂಗುಹಾಕಿದ ಹಳೆಯ ಆದೇಶದ ಪ್ರತಿಯನ್ನು ನಂಬಬೇಡಿ.

4. ಏಜೆಂಟನಿಗಿಂತ ಮೊದಲು ಕೆಇಎ ಜಾಲತಾಣ ತೆರೆಯಿರಿ

ಬಿ.ಎಸ್ಸಿ ನರ್ಸಿಂಗ್‌ನ ಸರ್ಕಾರಿ ಕೋಟಾದ ಸೀಟುಗಳು ಹಂಚಿಕೆಯಾಗುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುವ ಕೆಸಿಇಟಿ ಮೂಲಕ. ನೀಟ್ ಬರೆದಿದ್ದೇವೆಂದು ಸಿಇಟಿ ಬಿಡುವವರು ಕಡಿಮೆ ಶುಲ್ಕದ ಸೀಟನ್ನು ಕೈಯಾರೆ ಕಳೆದುಕೊಳ್ಳುತ್ತಾರೆ. ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್ ಇದೆ. ಜಾತಿ-ಆದಾಯ ಪ್ರಮಾಣಪತ್ರಗಳನ್ನು ಮೊದಲೇ ಸಿದ್ಧವಿಟ್ಟುಕೊಳ್ಳಿ. ಶುಲ್ಕ ವಿಚಾರಿಸುವಾಗ ಒಂದು ವರ್ಷದ್ದಲ್ಲ, ಹಾಸ್ಟೆಲ್, ಯೂನಿಫಾರಂ, ಪರೀಕ್ಷೆ, ಬಸ್ಸು ಎಲ್ಲ ಸೇರಿಸಿ ನಾಲ್ಕೂ ವರ್ಷದ ಮೊತ್ತವನ್ನು ಬರಹದಲ್ಲಿ ಪಡೆಯಿರಿ.

5. ಪೋಸ್ಟಿಂಗ್‌ನಲ್ಲಿ ಕೈ ಪಳಗಿಸಿ

ಲಾಗ್ ಬುಕ್ಕಿಗೆ ಸಹಿ ಬಿದ್ದರೆ ಪರೀಕ್ಷೆ ದಾಟಬಹುದು, ಐಸಿಯು ನೈಟ್ ಡ್ಯೂಟಿ ದಾಟಲಾಗದು. ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ಸಮಯ: ಈ ಐದು ‘ಸರಿ’ಗಳನ್ನು ನೋಡದೆ ಮದ್ದು ಕೊಡದಿರುವುದು ಮೊದಲ ವರ್ಷದಲ್ಲೇ ರೂಢಿಯಾಗಲಿ. ಹ್ಯಾಂಡೋವರ್ ಹೊತ್ತಿನಲ್ಲಿ ಹಿರಿಯ ಸಿಸ್ಟರ್ ಹೇಳುವುದನ್ನು ಕೇಳಿಸಿಕೊಳ್ಳಿ. ಯಾವ ರೋಗಿಯ ಮೇಲೆ ಏಕೆ ಕಣ್ಣಿಡಬೇಕೆಂಬುದು ಅಲ್ಲಿ ತಿಳಿಯುತ್ತದೆ. ಹೊರರಾಜ್ಯದಿಂದ ಬಂದವರು ಕನ್ನಡ ಕಲಿಯಿರಿ, ಕನ್ನಡ ಮಾಧ್ಯಮದಿಂದ ಬಂದವರು ಕೇಸ್ ಶೀಟಿನ ಇಂಗ್ಲಿಷನ್ನು ದಿನಕ್ಕೊಂದು ಪುಟದಂತೆ ಬರೆದು ಪಳಗಿ.

6. ನಿಮ್ಮ ದೇಹ ಕಾಪಾಡಿಕೊಳ್ಳಿ

ಮೊದಲ ಪೋಸ್ಟಿಂಗ್‌ಗೆ ಹೋಗುವ ಮುನ್ನ ಹೆಪಟೈಟಿಸ್ ಬಿ ಲಸಿಕೆ ಶುರುಮಾಡಿ, ಮೂರೂ ಡೋಸ್ ಪೂರ್ತಿ ಮಾಡಿ. ಸೂಜಿ ಚುಚ್ಚಿದರೆ ಬೈಗುಳಕ್ಕೆ ಹೆದರಿ ಮುಚ್ಚಿಡಬೇಡಿ. ಎಚ್‌ಐವಿ ತಡೆಯುವ ಮಾತ್ರೆ ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು. 72 ಗಂಟೆ ಮೀರಿದರೆ ಪ್ರಯೋಜನವಿಲ್ಲ.

7. ನೋಂದಣಿ ಇಲ್ಲದೆ ನರ್ಸ್ ಅಲ್ಲ

ಅಂಕಪಟ್ಟಿ ಬಂದ ಕೂಡಲೇ ಕರ್ನಾಟಕ ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲಿ ನೋಂದಾಯಿಸಿಕೊಳ್ಳಿ. ಸರ್ಕಾರಿ ಅರ್ಜಿಗೂ ವಿದೇಶದ ಕಡತಕ್ಕೂ ಇದೇ ಮೂಲದಾಖಲೆ. ಎಸ್ಸೆಸ್ಸೆಲ್ಸಿ, ಆಧಾರ್, ಪಾಸ್‌ಪೋರ್ಟ್ ಮೂರರಲ್ಲೂ ಹೆಸರು, ಇನಿಷಿಯಲ್ ಒಂದೇ ಬಗೆಯಲ್ಲಿರಲಿ. ಇದರಲ್ಲಿ ಎಡವಿದವರು ತಿಂಗಳುಗಟ್ಟಲೆ ಅಲೆಯುತ್ತಾರೆ. ನವೀಕರಣದ ದಿನಾಂಕವನ್ನೂ, ಹಾಜರಾದ ಮುಂದುವರಿದ ನರ್ಸಿಂಗ್ ಶಿಕ್ಷಣದ ಪ್ರಮಾಣಪತ್ರಗಳನ್ನೂ ಒಂದೇ ಫೈಲಿನಲ್ಲಿಡಿ.

8. ಮೊದಲ ಕೆಲಸದಲ್ಲಿ ಸಂಬಳಕ್ಕಿಂತ ಅನುಭವ ನೋಡಿ

ಊರಿನ ಸಣ್ಣ ನರ್ಸಿಂಗ್ ಹೋಮಿನಲ್ಲಿ ಸಾವಿರ ರೂಪಾಯಿ ಹೆಚ್ಚು ಸಿಗಬಹುದು. ಆದರೆ ಮುಂದಿನ ಅರ್ಜಿಗಳು ಕೇಳುವುದು ಎಷ್ಟು ಹಾಸಿಗೆಯ ಆಸ್ಪತ್ರೆ, ಯಾವ ವಿಭಾಗ ಎಂದು. ಮೊದಲ ಎರಡು ವರ್ಷ ದೊಡ್ಡ ಆಸ್ಪತ್ರೆಯ ಐಸಿಯು, ತುರ್ತು ಚಿಕಿತ್ಸೆ ಅಥವಾ ಒಟಿಯಲ್ಲಿ ಕಳೆಯಿರಿ. ಮೂಲ ಪ್ರಮಾಣಪತ್ರಗಳನ್ನು ಮಾತ್ರ ಯಾವ ಆಸ್ಪತ್ರೆಗೂ ಒತ್ತೆ ಇಡಬೇಡಿ. ನಕಲು ಕೊಡಿ, ಮೂಲ ತೋರಿಸಿ, ವಾಪಸ್ ತನ್ನಿ.

9. ಸರ್ಕಾರಿ ಹುದ್ದೆಗೆ ಓದುತ್ತಿರುವಾಗಲೇ ತಯಾರಾಗಿ

ಏಮ್ಸ್ ಸಂಸ್ಥೆಗಳ ನೇಮಕಾತಿಗೆ ನಾರ್‌ಸೆಟ್ ಪರೀಕ್ಷೆ ಇದೆ. ಬಿ.ಎಸ್ಸಿ ಮುಗಿಸಿ ನೋಂದಾಯಿಸಿಕೊಂಡವರು ನೇರವಾಗಿ ಬರೆಯಬಹುದು. ಜಿಎನ್‌ಎಂ ಆದವರಿಗೆ ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ 2 ವರ್ಷದ ಅನುಭವ ಬೇಕು. ಕೇಂದ್ರದ ನರ್ಸಿಂಗ್ ಆಫೀಸರ್ ಹುದ್ದೆಯ ಆರಂಭಿಕ ಮೂಲವೇತನ ಏಳನೇ ವೇತನ ಆಯೋಗದಂತೆ 44,900 ರೂಪಾಯಿ. ರೈಲ್ವೆ, ಇಎಸ್‌ಐ, ನಿಮ್ಹಾನ್ಸ್, ರಾಜ್ಯದ ಆರೋಗ್ಯ ಇಲಾಖೆ ಆಗಾಗ ಅರ್ಜಿ ಕರೆಯುತ್ತವೆ. ಹಳ್ಳಿಗಳ ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ ಸಮುದಾಯ ಆರೋಗ್ಯ ಅಧಿಕಾರಿಯಾಗುವ ಅವಕಾಶವೂ ಉಂಟು. ಅಲ್ಲಿ ಜವಾಬ್ದಾರಿ ಹೆಚ್ಚು, ಆದರೆ ಹುದ್ದೆ ಗುತ್ತಿಗೆಯದು.

ಸೇನೆಯ ಕನಸಿದ್ದರೆ ಪಿಯುಸಿಯಲ್ಲೇ ಎಚ್ಚರವಾಗಿ. ಮಿಲಿಟರಿ ನರ್ಸಿಂಗ್ ಸೇವೆಯ 4 ವರ್ಷದ ಬಿ.ಎಸ್ಸಿಗೆ ಅವಿವಾಹಿತ ಯುವತಿಯರನ್ನು ನೀಟ್ ಅಂಕದ ಆಧಾರದಲ್ಲಿ ಆರಿಸುತ್ತಾರೆ. ಮುಗಿಸಿದವರು ಲೆಫ್ಟಿನೆಂಟ್ ಆಗಿ ಸೇವೆಗೆ ಸೇರುತ್ತಾರೆ. ಬೆಂಗಳೂರಿನ ವಾಯುಪಡೆಯ ಕಮಾಂಡ್ ಆಸ್ಪತ್ರೆಯಲ್ಲೂ ಇದರ ಕಾಲೇಜಿದೆ.

10. ಒಂದು ವಿಷಯದಲ್ಲಿ ಪರಿಣತರಾಗಿ

ತೀವ್ರ ನಿಗಾ, ಕ್ಯಾನ್ಸರ್, ನವಜಾತ ಶಿಶು, ಹೃದ್ರೋಗ, ಮಾನಸಿಕ ಆರೋಗ್ಯ ಮುಂತಾದ ವಿಷಯಗಳಲ್ಲಿ 1 ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾ ಮಾಡಬಹುದು. ಪಾಠ ಹೇಳುವ ಆಸೆಯಿದ್ದರೆ ಒಂದು ವರ್ಷ ದುಡಿದು 2 ವರ್ಷದ ಎಂ.ಎಸ್ಸಿಗೆ ಸೇರಿ. ಹಾಸಿಗೆಯ ಪಕ್ಕ ಬಿಡಲು ಮನಸ್ಸಿಲ್ಲದವರಿಗೆ ಕ್ರಿಟಿಕಲ್ ಕೇರ್ ನರ್ಸ್ ಪ್ರಾಕ್ಟೀಷನರ್ ಕೋರ್ಸಿದೆ. ರಾತ್ರಿಪಾಳಿ ಸಾಕೆನಿಸಿದವರಿಗೆ ಸೋಂಕು ನಿಯಂತ್ರಣ, ಎನ್‌ಎಬಿಎಚ್ ಗುಣಮಟ್ಟ ವಿಭಾಗ, ಅಂಗಾಂಗ ಕಸಿ ಸಂಯೋಜನೆ, ಕಾರ್ಖಾನೆ ಮತ್ತು ಶಾಲೆಯ ಆರೋಗ್ಯ ಕೊಠಡಿ, ವಿಮಾ ಕ್ಲೇಮು ಪರಿಶೀಲನೆಗಳಲ್ಲಿ ಕೆಲಸ ಸಿಗುತ್ತದೆ. ವಾರ್ಡಿನಲ್ಲಿ ಪಳಗಿದವರಿಗೆ ಅಲ್ಲಿ ಬೆಲೆ.

11. ವಿದೇಶಕ್ಕೆ ಹೊರಟರೆ ಮೊದಲು ಭಾಷೆ, ಆಮೇಲೆ ಏಜೆನ್ಸಿ

ಬ್ರಿಟನ್ನಿಗೆ ಐಇಎಲ್‌ಟಿಎಸ್ ಅಥವಾ ಒಇಟಿ, ಬಳಿಕ ಕಂಪ್ಯೂಟರ್ ಆಧಾರಿತ ಪರೀಕ್ಷೆ, ಅಲ್ಲಿಗೆ ಹೋದ ಮೇಲೆ ಓಸ್ಕಿ ಎಂಬ ಪ್ರಾಯೋಗಿಕ ಪರೀಕ್ಷೆ. ಅಮೆರಿಕಕ್ಕೆ ಎನ್‌ಕ್ಲೆಕ್ಸ್, ಇದರ ಕೇಂದ್ರ ಬೆಂಗಳೂರಿನಲ್ಲೇ ಇದೆ. ಕೊಲ್ಲಿ ದೇಶಗಳಿಗೆ ಅಲ್ಲಲ್ಲಿನ ಪರವಾನಗಿ ಪರೀಕ್ಷೆ ಮತ್ತು ದಾಖಲೆಗಳ ಡೇಟಾಫ್ಲೋ ಪರಿಶೀಲನೆ. ಜರ್ಮನಿಯಲ್ಲಿ ಪೂರ್ಣ ಮಾನ್ಯತೆಗೆ ಸಾಮಾನ್ಯವಾಗಿ ಬಿ2 ಹಂತದ ಜರ್ಮನ್ ಬೇಕು. ದುಡಿಯುತ್ತಾ ಕಲಿಯುವವರಿಗೆ ಅದು ಆರು ತಿಂಗಳಲ್ಲಿ ಮುಗಿಯುವ ಮಾತಲ್ಲ. ಹೋಗುವ ದೇಶವನ್ನು ಅಂತಿಮ ವರ್ಷದಲ್ಲೇ ನಿರ್ಧರಿಸಿ, ಅನುಭವ ಗಳಿಸುವ ಎರಡು ವರ್ಷದಲ್ಲೇ ಭಾಷೆ ಮುಗಿಸಿ.

ಏಜೆನ್ಸಿಗೆ ಪರವಾನಗಿ ಇದೆಯೇ ಎಂದು ಇ-ಮೈಗ್ರೇಟ್ ಪೋರ್ಟಲ್ಲಿನಲ್ಲಿ ಪರೀಕ್ಷಿಸಿ. ನೋಂದಾಯಿತ ಏಜೆಂಟರು ಅಭ್ಯರ್ಥಿಯಿಂದ ಪಡೆಯಬಹುದಾದ ಗರಿಷ್ಠ ಸೇವಾಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಲಕ್ಷಗಳಲ್ಲಿ ಮಾತಾಡುವವರಿಗೆ ಅಲ್ಲೇ ಕೈಮುಗಿದು ಎದ್ದು ಬನ್ನಿ. ರಾಜ್ಯ ಕೌಶಲ್ಯಾಭಿವೃದ್ಧಿ ನಿಗಮದ ಅಂತಾರಾಷ್ಟ್ರೀಯ ವಲಸೆ ಕೇಂದ್ರದಲ್ಲಿ ವಿಚಾರಿಸಿದ ಮೇಲೆಯೇ ಖಾಸಗಿಯವರ ಬಾಗಿಲಿಗೆ ಹೋಗಿ.

ಹನ್ನೊಂದನ್ನೂ ಒಂದೇ ದಿನ ಪಾಲಿಸಬೇಕಿಲ್ಲ. ಪಿಯುಸಿಯಲ್ಲಿರುವವರಿಗೆ ಈಗ ಬೇಕಾದದ್ದು ಮೊದಲ ನಾಲ್ಕು ಮತ್ತು ಒಂಬತ್ತನೆಯದರ ಕೊನೆಯ ಭಾಗ. ಅಂತಿಮ ವರ್ಷದವರಿಗೆ ಏಳರಿಂದ ಹನ್ನೊಂದು. ನಿಮಗೆ ಬೇಕಾದವನ್ನು ಗುರುತು ಹಾಕಿಕೊಂಡು, ಒಂದೊಂದರ ಎದುರೂ ಒಂದು ದಿನಾಂಕ ಬರೆಯಿರಿ.