ಕೇಳುವುದನ್ನೇ ಬಿಟ್ಟ ಮಗ

ಪ್ರಶ್ನೆ: ಮೇಡಂ, ಈ ವರ್ಷ (2021) ಮೇ ತಿಂಗಳಲ್ಲಿ ನಮ್ಮ ಮಾವನವರು ಕೋವಿಡ್‌ನಿಂದ ತೀರಿಕೊಂಡರು. ಆಸ್ಪತ್ರೆಯಿಂದ ನೇರ ಸ್ಮಶಾನಕ್ಕೇ ಒಯ್ದರು, ಮುಖ ನೋಡುವುದಕ್ಕೂ ಆಗಲಿಲ್ಲ. ಒಂಬತ್ತು ವರ್ಷದ ಮಗನಿಗೆ ತಾತನೆಂದರೆ ಪ್ರಾಣ. ಹೆದರಿಯಾನೆಂದು ‘ತಾತ ಇನ್ನೂ ಆಸ್ಪತ್ರೆಯಲ್ಲಿದ್ದಾರೆ’ ಎಂದೇ ಹೇಳಿದ್ದೇವೆ. ಮೊದಮೊದಲು ದಿನಾ ಕೇಳುತ್ತಿದ್ದ, ಈಗ ಕೇಳುವುದನ್ನೇ ಬಿಟ್ಟಿದ್ದಾನೆ. ಕೈ ತೊಳೆದೂ ತೊಳೆದೂ ಚರ್ಮ ಸುಲಿದಿದೆ. ಹಾಸಿಗೆ ಒದ್ದೆಯಾಗುತ್ತಿದೆ. ನಡುರಾತ್ರಿ ಎದ್ದು ನನ್ನ ಮೂಗಿನ ಹತ್ತಿರ ಬೆರಳಿಟ್ಟು ನೋಡುತ್ತಾನೆ. ಆನ್‌ಲೈನ್ ಪಾಠಕ್ಕೆ ಕೂರುವುದಿಲ್ಲ. ಯಜಮಾನರು, ‘ಎಲ್ಲಾ ಹಟ, ಎರಡೇಟು ಬಿದ್ದರೆ ಸರಿಹೋಗ್ತಾನೆ’ ಅನ್ನುತ್ತಾರೆ. ಏನು ಮಾಡಲಿ?
– ಹೆಸರು ಬೇಡ, ತಿಪಟೂರು

ಉತ್ತರ: ದಯವಿಟ್ಟು ಹೊಡೆಯಬೇಡಿ. ಇದು ಹಟವಲ್ಲ, ಭಯ.

ತಾತ ಇಲ್ಲವೆಂಬುದು ನಿಮ್ಮ ಮಗನಿಗೆ ಬಹುಶಃ ಗೊತ್ತಾಗಿದೆ. ಫೋನಿನ ಮಾತು, ಅಡುಗೆಮನೆಯ ಅಳು, ತಾತನ ಖಾಲಿ ಮಂಚ ಎಲ್ಲವೂ ಅವನ ಕಣ್ಣು ಕಿವಿಗೆ ಬಿದ್ದಿರುತ್ತವೆ. ಒಂಬತ್ತು ವರ್ಷದ ಮಕ್ಕಳಿಗೆ ಸತ್ತವರು ಮರಳಿ ಬರುವುದಿಲ್ಲವೆಂದು ಸಾಮಾನ್ಯವಾಗಿ ಅರ್ಥವಾಗಿರುತ್ತದೆ. ಕೇಳಿದರೆ ದೊಡ್ಡವರು ನಿಜ ಹೇಳುವುದಿಲ್ಲ ಎಂದು ತಿಳಿದ ಮೇಲೆ ಕೇಳುವುದನ್ನು ಬಿಟ್ಟು ತಾನೇ ಪರೀಕ್ಷಿಸಲು ಹೊರಟಿದ್ದಾನೆ. ನಿಮ್ಮ ಮೂಗಿನ ಬಳಿ ಬೆರಳಿಡುವುದು ಅದಕ್ಕೇ.

ಅವನಿಗೆ ನಿಜ ಹೇಳಿ. ರಾತ್ರಿ ಮಲಗುವ ಹೊತ್ತಿಗಲ್ಲ, ಹಗಲಿನಲ್ಲಿ, ಊಟವಾದ ಮೇಲೆ, ನೀವಿಬ್ಬರೂ ಜೊತೆಯಲ್ಲಿ ಕೂತು. ‘ತಾತ ಸತ್ತುಹೋದರು ಕಂದ. ಕಾಯಿಲೆ ತುಂಬಾ ಜೋರಾಗಿತ್ತು, ಡಾಕ್ಟರು ಎಷ್ಟು ಪ್ರಯತ್ನಪಟ್ಟರೂ ಉಳಿಸೋಕಾಗಲಿಲ್ಲ. ನಿನಗೆ ಆಗಲೇ ಹೇಳಬೇಕಿತ್ತು, ನಮಗೆ ಧೈರ್ಯ ಬರಲಿಲ್ಲ.’ ಇಷ್ಟು ಸಾಕು. ‘ಮಲಗಿಬಿಟ್ಟರು’, ‘ದೇವರು ಕರೆದುಕೊಂಡ’ ಎನ್ನಬೇಡಿ. ಮೊದಲೇ ನಿದ್ದೆಗೆ ಹೆದರುವ ಮಗು ಅದು.

ಅವನು ಸುಮ್ಮನಿರಬಹುದು, ಅಳಬಹುದು, ಎದ್ದು ಆಟಕ್ಕೂ ಹೋಗಬಹುದು. ಆಟಕ್ಕೆ ಹೋದನೆಂದು ದುಃಖವಿಲ್ಲವೆಂದು ತಿಳಿಯಬೇಡಿ. ಅದೇ ಪ್ರಶ್ನೆಯನ್ನು ಹತ್ತು ಸಲ ಕೇಳಿದರೂ ಅದೇ ಉತ್ತರ ಕೊಡಿ. ‘ನೀನೂ ಸಾಯ್ತೀಯಾ ಅಮ್ಮಾ?’ ಎಂದರೆ ‘ಇಲ್ಲವೇ ಇಲ್ಲ’ ಎಂಬ ಮಾತು ಬೇಡ. ‘ನಾನು ಈಗ ಆರೋಗ್ಯವಾಗಿದ್ದೀನಿ, ಹುಷಾರಾಗಿರ್ತೀನಿ, ನಿನ್ನ ಜೊತೆಗೇ ಇದ್ದೀನಿ’ ಎನ್ನಿ. ಲಸಿಕೆ ಹಾಕಿಸಿಕೊಂಡಿದ್ದರೆ ಅದನ್ನೂ ಹೇಳಿ.

ನನ್ನನ್ನು ಹೆಚ್ಚು ಕಾಡಿದ್ದು ಆ ಸುಲಿದ ಕೈಗಳು. ಮಕ್ಕಳಿಂದ ಹಿರಿಯರಿಗೆ ಸೋಂಕು ಹರಡುತ್ತದೆ ಎಂಬ ಮಾತನ್ನು ಅವನೂ ಟಿವಿಯಲ್ಲಿ ಕೇಳಿರಬಹುದು. ‘ನನ್ನಿಂದಲೇ ತಾತನಿಗೆ ಬಂತು’ ಎಂದು ಒಳಗೇ ಬೇಯುತ್ತಿರಬಹುದು. ಈ ಅಪರಾಧಭಾವವನ್ನು ಮಕ್ಕಳು ತಾವಾಗಿ ಹೇಳಿಕೊಳ್ಳುವುದು ಅಪರೂಪ, ಆದ್ದರಿಂದ ನೀವೇ ಕೇಳಿ. ಯಾರಿಂದ ಬಂತೆಂದು ಯಾರಿಗೂ ಗೊತ್ತಿಲ್ಲ, ಅದರಲ್ಲಿ ನಿನ್ನ ತಪ್ಪೇನೂ ಇಲ್ಲ ಎಂದು ಬಾಯಿಬಿಟ್ಟು ಹೇಳಿ. ಊಟಕ್ಕೆ ಮುಂಚೆ, ಶೌಚಕ್ಕೆ ಹೋದ ಮೇಲೆ, ಹೊರಗಿನಿಂದ ಬಂದಾಗ 20 ಸೆಕೆಂಡು ಸೋಪಿನಲ್ಲಿ ತೊಳೆದರೆ ಸಾಕೆಂದು ತಿಳಿಸಿ, ರಾತ್ರಿ ಕೊಬ್ಬರಿ ಎಣ್ಣೆ ಸವರಿ. ಹಾಸಿಗೆ ಒದ್ದೆಯಾದರೆ ಬೈಯದೆ ಬಟ್ಟೆ ಬದಲಿಸಿ. ನೆಂಟರ ಮುಂದೆ ಆ ಮಾತು ಎತ್ತಲೇಬೇಡಿ.

ಬೀಳ್ಕೊಡುವ ಅವಕಾಶ ನಿಮಗೆ ಯಾರಿಗೂ ಸಿಗಲಿಲ್ಲ. ಒಂದು ದಿನ ಮನೆಮಟ್ಟಿಗೆ ತಾತನ ಫೋಟೋ ಇಟ್ಟು, ಅವರಿಗಿಷ್ಟದ ಅಡುಗೆ ಮಾಡಿ. ಮನಸ್ಸಿದ್ದರೆ ಮಗನೂ ಹೂವಿಡಲಿ.

ಆನ್‌ಲೈನ್ ಪಾಠ ಎರಡು ವಾರ ಹಿಂದೆ ಬಿದ್ದರೆ ನಷ್ಟವಿಲ್ಲ, ಟೀಚರಿಗೆ ವಿಷಯ ತಿಳಿಸಿ. ಕಳೆದ ವರ್ಷ ಮಾರ್ಚಿನಿಂದ ಶಾಲೆಯಿಲ್ಲ, ಜೊತೆಗಾರರಿಲ್ಲ. ನೆರೆಮನೆಯ ಒಬ್ಬ ಹುಡುಗನಾದರೂ ಮಾಸ್ಕ್ ಹಾಕಿಕೊಂಡು ಅಂಗಳದಲ್ಲಿ ಆಡಲು ಸಿಗುವಂತೆ ನೋಡಿ.

ಇನ್ನು ನಿಮ್ಮ ಯಜಮಾನರು. ಕಳೆದುಕೊಂಡದ್ದು ಅವರ ತಂದೆಯನ್ನು, ಆ ಸಿಟ್ಟಿನಲ್ಲಿ ಸಂಕಟವೂ ಇದೆ. ಮಗನಿಗೆ ಹೇಳುವಾಗ ಅವರಿಗೆ ಅಳು ಬಂದರೆ ಬರಲಿ. ಅಪ್ಪನೂ ಅಳುತ್ತಾನೆಂದು ಕಂಡರೆ ಹುಡುಗನ ಎದೆ ಹಗುರಾಗುತ್ತದೆ.

ಮೂರು ನಾಲ್ಕು ವಾರದಲ್ಲಿ ನಿದ್ದೆ, ಊಟ ಸರಿಹೋಗದಿದ್ದರೆ, ಕೈ ತೊಳೆಯುವುದು ಇನ್ನೂ ಹೆಚ್ಚಿದರೆ ತುಮಕೂರಿನ ಜಿಲ್ಲಾಸ್ಪತ್ರೆಯ ಮನೋವೈದ್ಯರಿಗೆ ತೋರಿಸಿ. ‘ನಾನೂ ತಾತನ ಹತ್ರ ಹೋಗ್ತೀನಿ’ ಎಂಬಂಥ ಮಾತು ಬಂದರೆ ಮಾತ್ರ ಒಂದು ದಿನವೂ ಕಾಯಬೇಡಿ. ನಿಮ್ಹಾನ್ಸ್‌ನ ಉಚಿತ ಸಹಾಯವಾಣಿ 080-46110007, ಮಕ್ಕಳ ಸಹಾಯವಾಣಿ 1098. ಮಗನನ್ನು ಕರೆದೊಯ್ಯುವ ಮುಂಚೆ ನೀವಿಬ್ಬರೇ ಕರೆ ಮಾಡಿ ಮಾತಾಡಬಹುದು.