ಐದು ಸ್ಟಾರ್ ಕಾರಿಗೆ ಎಷ್ಟು ಐಡಿವಿ?

ಅರೇಹಳ್ಳಿ ಕಡೆಯ ತೋಟದ ಕಾಫಿಗೆ ಒಳ್ಳೆಯ ರೇಟು ಸಿಕ್ಕ 2024ರಲ್ಲಿ ಹಳೇಬೀಡಿನ ಈ ಅಂಕಣಕಾರನ ಮನೆಗೆ ಬಿವೈಡಿ ಸೀಲ್ ಬಂತು. ಎಕ್ಸ್ ಶೋರೂಮ್ 41 ಲಕ್ಷ. 25 ಲಕ್ಷ ಮೀರಿದ ವಿದ್ಯುತ್ ಕಾರುಗಳಿಗೆ ಕರ್ನಾಟಕ ಆ ವರ್ಷವೇ ಶೇ 10 ಜೀವಿತಾವಧಿ ತೆರಿಗೆ ಹಾಕಿದ್ದರಿಂದ ಮೇಲೆ ಇನ್ನೂ 4.1 ಲಕ್ಷ. ನೋಡಲು ಬಂದ ನೆಂಟರು ಕೇಳಿದ್ದು ಒಂದೇ: ‘ಬ್ಯಾಟ್ರಿಗೆ ಬೆಂಕಿ ಹತ್ಕೊಂಡ್ರೆ ಏನ್ ಗತಿ ಭಾವ?’ ಕೇಳಬೇಕಾದ ಪ್ರಶ್ನೆಯೇ. ‘ಫೈವ್ ಸ್ಟಾರ್ ಸರ್’ ಎಂಬ ಶೋರೂಮಿನ ಉತ್ತರ ಅದಕ್ಕೆ ಸಾಲದು.

ಸೀಲ್‌ಗೆ ಐದು ಸ್ಟಾರ್ ಸಿಕ್ಕಿದ್ದು 2023ರಲ್ಲಿ, ಕಾರುಗಳನ್ನು ಡಿಕ್ಕಿ ಹೊಡೆಸಿ ಅಂಕ ಕೊಡುವ ಯೂರೋ ಎನ್‌ಕ್ಯಾಪ್‌ನಲ್ಲಿ: ದೊಡ್ಡವರ ರಕ್ಷಣೆಗೆ ಶೇ 89, ಮಕ್ಕಳ ರಕ್ಷಣೆಗೆ ಶೇ 87. ಅದಕ್ಕಿಂತ ಎಷ್ಟೋ ದುಬಾರಿಯಾದ ಬಿಎಂಡಬ್ಲ್ಯು ಐ4ಗೆ 2022ರಲ್ಲಿ ಸಿಕ್ಕಿದ್ದು ನಾಲ್ಕೇ. ದೊಡ್ಡವರ ರಕ್ಷಣೆಯಲ್ಲಿ ಅದಕ್ಕೂ ಶೇ 87 ಬಂದಿತ್ತು. ಹಿಂದೆ ಬಿದ್ದದ್ದು ಚಾಲಕನನ್ನು ಎಚ್ಚರಿಸುವ, ತಾನೇ ಬ್ರೇಕ್ ಹಾಕುವ ಸಲಕರಣೆಗಳ ವಿಭಾಗದಲ್ಲಿ, ಶೇ 64. ಇತ್ತ 2024ರಲ್ಲಿ ಹನ್ನೊಂದು ಲಕ್ಷದ ಆಸುಪಾಸಿನಿಂದ ಶುರುವಾಗುತ್ತಿದ್ದ ಟಾಟಾ ಪಂಚ್ ಇವಿ ಅದೇ ವರ್ಷ ಭಾರತ್ ಎನ್‌ಕ್ಯಾಪ್‌ನಲ್ಲಿ ದೊಡ್ಡವರ ರಕ್ಷಣೆಗೆ 32ಕ್ಕೆ 31.46 ಅಂಕ ತೆಗೆದು ಐದು ಸ್ಟಾರ್ ಗಳಿಸಿತು. ಹಾಗಂತ ಐ4ಗಿಂತ ಪಂಚ್ ಗಟ್ಟಿ ಎನ್ನಲಾಗದು, ಪರೀಕ್ಷೆಗಳೇ ಬೇರೆ. ಭಾರತ್ ಎನ್‌ಕ್ಯಾಪ್ ಕಾರನ್ನು 64 ಕಿ.ಮೀ. ವೇಗದಲ್ಲಿ ನಿಂತ ತಡೆಗೆ ಗುದ್ದಿಸುತ್ತದೆ. ಯೂರೋ ಎನ್‌ಕ್ಯಾಪ್ 2020ರಿಂದ ಕಾರನ್ನೂ 1,400 ಕೆ.ಜಿ. ಟ್ರಾಲಿಯನ್ನೂ ತಲಾ 50 ಕಿ.ಮೀ. ವೇಗದಲ್ಲಿ ಎದುರುಬದುರು ಓಡಿಸುತ್ತದೆ. ಸ್ಟಾರ್ ಎಣಿಸುವ ಮೊದಲು ಯಾವ ಸಂಸ್ಥೆಯದು, ಯಾವ ವರ್ಷದ್ದು ಎಂದು ನೋಡಬೇಕು.

ಪರೀಕ್ಷೆಯೇ ಬೇಕಿಲ್ಲದಿದ್ದರೆ ಏನಾಗುತ್ತದೆಂದು ತೋರಿಸಿದ್ದು ನಮ್ಮ ಬೆಂಗಳೂರಿನ ವಿದ್ಯುತ್ ಕಾರು ರೇವಾ. ಬ್ರಿಟನ್ನಿನಲ್ಲಿ ಜಿ-ವಿಜ್ ಹೆಸರಲ್ಲಿ ಮಾರಾಟವಾದ ಆ ಪುಟ್ಟ ಕಾರು ಕಾನೂನಿನ ಲೆಕ್ಕದಲ್ಲಿ ಕಾರಲ್ಲ, ಕ್ವಾಡ್ರಿಸೈಕಲ್. ಕಾರಿನ ಡಿಕ್ಕಿ ಪರೀಕ್ಷೆ ಅದಕ್ಕೆ ಕಡ್ಡಾಯವಿರಲಿಲ್ಲ. 2007ರಲ್ಲಿ ಟಾಪ್ ಗೇರ್ ಪತ್ರಿಕೆ 64 ಕಿ.ಮೀ. ವೇಗದ ಪರೀಕ್ಷೆ ಮಾಡಿಸಿದಾಗ ಫಲಿತಾಂಶ ಗಾಬರಿ ಹುಟ್ಟಿಸುವಂತಿತ್ತು.

ಇನ್ನು ಬೆಂಕಿ. 2013ರಲ್ಲಿ ಅಮೆರಿಕದಲ್ಲಿ ಟೆಸ್ಲಾ ಮಾಡೆಲ್ ಎಸ್ ಕಾರುಗಳು ರಸ್ತೆಯಲ್ಲಿ ಬಿದ್ದಿದ್ದ ಲೋಹದ ತುಂಡು ತಳಕ್ಕೆ ಬಡಿದು ಹೊತ್ತಿಕೊಂಡವು. ಮರುವರ್ಷ ಕಂಪನಿ ತಳಕ್ಕೆ ಟೈಟಾನಿಯಂ ಕವಚ ಕೂರಿಸಿತು. ಬೇಲೂರು, ಹಳೇಬೀಡಿನವರು ಗಮನಿಸಬೇಕಾದ ಕಥೆ ಇದು. ಸೀಲ್‌ನ ತಳ ನೆಲದಿಂದ 145 ಮಿ.ಮೀ. ಎತ್ತರದಲ್ಲಿದೆ, ಬ್ಯಾಟರಿ ಇರುವುದು ಅಲ್ಲೇ. ಬಿಳಿ ಪಟ್ಟೆಯಿಲ್ಲದ ಒಂದು ಹಂಪ್‌ಗೆ ಕಾರು ತಾಗಿದ ಮೇಲೆ ರ‍್ಯಾಂಪ್‌ಗೆ ಹತ್ತಿಸಿ ಟಾರ್ಚ್ ಹಿಡಿದು ನೋಡಿದಾಗ, ತಳದ ಹೊದಿಕೆಯ ಮೇಲೆ ಮೊಳದುದ್ದ ಗೀರು, ಅದರೊಳಗೆ ಮೆತ್ತಿಕೊಂಡ ಟಾರಿನ ಪುಡಿ. ಬ್ಯಾಟರಿಗೆ ಏನೂ ಆಗಿರಲಿಲ್ಲ. ಆದರೆ ಆಗಿದ್ದರೆ ದುಡ್ಡು ಯಾರದ್ದು?

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಕಾರಿನ ಬೆಲೆಯ ಶೇ 80, ಅಂದರೆ 32.8 ಲಕ್ಷ ಸಾಲ, ಶೇ 9 ಬಡ್ಡಿ, 7 ವರ್ಷ ಎಂದಿಟ್ಟುಕೊಳ್ಳಿ. ಇಎಂಐ ಸುಮಾರು 52,770 ರೂಪಾಯಿ. ಎರಡು ವರ್ಷ ಕಟ್ಟಿದ ಮೇಲೂ ಅಸಲು 25.4 ಲಕ್ಷ ಬಾಕಿ. ಎರಡು ವರ್ಷ ದಾಟಿದ ಕಾರಿಗೆ ಶೇ 30 ಸವಕಳಿ ಕಳೆದರೆ ಐಡಿವಿ, ಅಂದರೆ ವಿಮಾ ಕಂಪನಿ ಒಪ್ಪಿದ ಕಾರಿನ ಬೆಲೆ, 28.7 ಲಕ್ಷ. ರಿಪೇರಿ ಖರ್ಚು ಅದರ ಶೇ 75, ಅಂದರೆ 21.5 ಲಕ್ಷ ಮೀರಿದರೆ ಟೋಟಲ್ ಲಾಸ್: ರಿಪೇರಿ ಇಲ್ಲ, ಐಡಿವಿಯಷ್ಟು ಹಣ ಕೊಡುತ್ತಾರೆ. ವಿಮೆಯ ಹಣದಲ್ಲಿ ಬ್ಯಾಂಕಿನ ಬಾಕಿ ತೀರಿಸಿದರೆ ಕೈಯಲ್ಲಿ ಉಳಿಯುವುದು 3.3 ಲಕ್ಷ. ಅಷ್ಟರಲ್ಲಿ ಡೌನ್ ಪೇಮೆಂಟ್ 8.2, ತೆರಿಗೆ 4.1, ಇಎಂಐ 12.7, ಒಟ್ಟು 25 ಲಕ್ಷ ಜೇಬಿನಿಂದ ಹೋಗಿರುತ್ತದೆ.

ಇದು ಎಲ್ಲ ಸರಿಯಾಗಿದ್ದಾಗಿನ ಲೆಕ್ಕ. ರಿನ್ಯೂವಲ್ ಹೊತ್ತಿಗೆ ಏಜೆಂಟರೊಬ್ಬರು ಫೋನ್ ಮಾಡಿ, ‘ಐಡಿವಿ ಒಂದ್ ಹದಿನೈದು ಪರ್ಸೆಂಟ್ ಇಳಿಸೋಣ ಸರ್, ಪ್ರೀಮಿಯಂ ಕಮ್ಮಿ ಆಗುತ್ತೆ’ ಎಂದರು. ಇಳಿಸಿದರೆ ಐಡಿವಿ 24.4 ಲಕ್ಷ. ಕಾರೂ ಹೋಗಿ, ಬ್ಯಾಂಕಿಗೆ ಮತ್ತೆ ಒಂದು ಲಕ್ಷ ಕೈಯಿಂದ ಕಟ್ಟಬೇಕು. ಸಾಲದ್ದಕ್ಕೆ ಟೋಟಲ್ ಲಾಸ್ ಗೆರೆಯೂ 18.3 ಲಕ್ಷಕ್ಕೆ ಇಳಿಯುತ್ತದೆ. ರಿಪೇರಿ ಆಗಬಹುದಾಗಿದ್ದ ಕಾರು ಗುಜರಿಗೆ ಹೋಗುತ್ತದೆ. ಕೆಲವು ಸಾವಿರ ಉಳಿಸುವ ಹೆಸರಲ್ಲಿ ಇಂಥ ಪಾಲಿಸಿಯನ್ನು ಯಾರಾದರೂ ಮಾರುವುದೇ ತಪ್ಪು. ಸಾಲ ತೀರುವವರೆಗೆ ಐಡಿವಿಯನ್ನು ಸವಕಳಿಗಿಂತ ಒಂದು ರೂಪಾಯಿಯೂ ಹೆಚ್ಚು ಇಳಿಸಬಾರದು, ರಿಪೇರಿಯಲ್ಲಿ ಬಿಡಿಭಾಗಗಳ ಸವಕಳಿ ಕಳೆಯದ ಝೀರೋ ಡೆಪ್ ಬಿಡಬಾರದು.

ದುಡ್ಡಿನ ಮಾತಾಯಿತು, ಜೀವ ಉಳಿಸುವ ಬಾಗಿಲಿನ ವಿಚಾರವೂ ಒಂದಿದೆ. ಅಪಘಾತದಲ್ಲಿ ಕರೆಂಟ್ ಹೋದರೆ ಹುದುಗಿಕೊಂಡ ಹಿಡಿಕೆ ಹೊರಬರದೇ ಇರಬಹುದೆಂದು, 2027ರ ಜನವರಿಯಿಂದ ಹೊಸ ಮಾದರಿಯ ಕಾರುಗಳಲ್ಲಿ ಯಾಂತ್ರಿಕವಾಗಿ ತೆರೆಯುವ ವ್ಯವಸ್ಥೆ ಇರಲೇಬೇಕೆಂದು ಚೀನಾ ನಿಯಮ ಮಾಡಿದೆ. ಕಾರು ತಂದ ದಿನವೇ ಅದರಲ್ಲಿ ಅಂಥ ವ್ಯವಸ್ಥೆ ಎಲ್ಲಿದೆ ಎಂದು ಮನೆಯವರಿಗೆಲ್ಲ ತೋರಿಸಿ, ಅವರ ಕೈಯಿಂದಲೇ ತೆಗೆಸಿ.

ಇನ್ನು ನಮ್ಮ ಅಭ್ಯಾಸಗಳು. ಸುಗ್ಗಿಯಲ್ಲಿ ರಾಗಿ, ಹುರುಳಿ ಒಕ್ಕಣೆ ನಡೆಯುವುದು ಟಾರು ರಸ್ತೆಯ ಮೇಲೆಯೇ. ರಾತ್ರಿ ಮುಂದೆ ಸಾಗುವ ಎಷ್ಟೋ ಟ್ರ್ಯಾಕ್ಟರ್ ಟ್ರೇಲರುಗಳಿಗೆ ಹಿಂದಿನ ದೀಪವಿರುವುದಿಲ್ಲ. ಅಂಥ ಟ್ರೇಲರಿನ ಹಿಂಬದಿಗೆ ನುಗ್ಗುವ ಪರೀಕ್ಷೆ ಈ ಎರಡೂ ಎನ್‌ಕ್ಯಾಪ್‌ಗಳಲ್ಲಿ ಇಲ್ಲ. ಮಕ್ಕಳ ಶೇ 87 ಅಂಕವೂ ಬೊಂಬೆಗಳನ್ನು ಹಿಂದಿನ ಸೀಟಿನಲ್ಲಿ, ವಯಸ್ಸಿಗೆ ತಕ್ಕಂತೆ ಕೂರಿಸಿ ಗಳಿಸಿದ್ದು. ಜಾತ್ರೆಗೋ ಮದುವೆಗೋ ಹೊರಟಾಗ ಮಗುವನ್ನು ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡರೆ ಆ ಅಂಕ ಆ ಮಗುವಿಗೆ ಸಿಗುವುದಿಲ್ಲ. ಏರ್‌ಬ್ಯಾಗೇ ಅದಕ್ಕೆ ಪೆಟ್ಟು ಕೊಡುತ್ತದೆ. 41 ಲಕ್ಷ ಕೊಟ್ಟವರು ಮಗುವಿನ ಸೀಟಿಗೆ ಚೌಕಾಸಿ ಮಾಡದೆ, ಕಾರಿನ ಜೊತೆಗೇ, ಅದರ ಕೊಂಡಿಗಳಿಗೆ ನೇರವಾಗಿ ಸಿಕ್ಕಿಸುವ ಐಸೋಫಿಕ್ಸ್ ಸೀಟನ್ನೂ ತರಿಸಿಕೊಳ್ಳಬೇಕು.